‘ಹೋಗ್ಬರ್ತೀನಿ’ಗೆ ಉಕ್ರೇನಿಯನ್‌ನಲ್ಲಿ ಏನಂತಾರೆ? ಒಂದು ವಿದಾಯದ ಹಿಂದಿನ ಇತಿಹಾಸ

ಭಾಗ 1/9: ತಪ್ಪು ಪದ

ನಮ್ಮ ಬೀದಿಯ ಅಕ್ಕ ಒಬ್ಬರು ಉಕ್ರೇನಿನ ಪಶ್ಚಿಮದಲ್ಲಿರೋ ತೆರ್ನೋಪಿಲ್ ಅನ್ನೋ ಊರಲ್ಲಿ ಎಂಬಿಬಿಎಸ್ ಓದ್ತಾ ಇದ್ರು. 2022ರ ಫೆಬ್ರವರಿ 24ಕ್ಕೆ ಯುದ್ಧ ಶುರುವಾಯ್ತು. ಆಗ ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದ್ತಿದ್ದೆ. ಅಕ್ಕನ ಮನೇಲಿ ಟಿವಿ ಆಫ್ ಆಗ್ತಾನೇ ಇರಲಿಲ್ಲ. ವಿಮಾನ ಬಂದ್. ಕೊನೆಗೆ ಹಾಸ್ಟೆಲಿನವರೆಲ್ಲ ಸೇರಿ ಒಂದು ಬಸ್ಸು ಗೊತ್ತು ಮಾಡ್ಕೊಂಡು ರೊಮೇನಿಯಾ ಗಡಿ ಕಡೆ ಹೊರಟ್ರಂತೆ.

ಹಾಸ್ಟೆಲ್ ಬಾಗಿಲಲ್ಲಿ ದಿನಾ ಕೂತು ಬೀಗದ ಕೈ ನೋಡ್ಕೊಳ್ತಿದ್ದ ಒಬ್ಬ ಅಜ್ಜಿ ಇದ್ರು. ಅಕ್ಕ ಬ್ಯಾಗ್ ಹೊತ್ಕೊಂಡು ಓಡೋ ಅವಸರದಲ್ಲೂ ಅವರ ಕಡೆ ತಿರುಗಿ, ಮೊಬೈಲ್ ನೋಡಿ ಕಲಿತಿದ್ದ ಒಂದು ಪದ ಹೇಳಿದ್ರು: ‘ಪ್ರೊಶ್ಚವಾಯ್ತೆ.’ ಅಜ್ಜಿ ಮುಖ ಸಪ್ಪಗಾಯ್ತು. ಎದ್ದು ಬಂದು, ಹೊಸ್ತಿಲು ದಾಟಿ ಹೊರಗಡೆ ನಿಂತು, ಅಕ್ಕನ ಎರಡೂ ಕೈ ಹಿಡ್ಕೊಂಡು, ತಲೆ ಅಲ್ಲಾಡಿಸಿ ಹೇಳಿದ್ರಂತೆ: ‘ನಿ, ನಿ. ದೊ ಪೊಬಾಚೆನ್ನ್ಯಾ.’

‘ನಿ’ ಅಂದ್ರೆ ‘ಬೇಡ, ಹಾಗಲ್ಲ’ ಅಂತ. ಅಷ್ಟು ಮಾತ್ರ ಅಕ್ಕನಿಗೆ ಆಗ ಅರ್ಥ ಆಯ್ತು. ಅಜ್ಜಿ ಯಾಕೆ ಹೊಸ್ತಿಲು ದಾಟಿ ಬಂದ್ರು? ಒಂದು ಪದ ಬೇಡ ಅಂದು ಇನ್ನೊಂದನ್ನ ಯಾಕೆ ಕೊಟ್ರು? ಈ ಸಲದ ಸೀರೀಸ್ ಆ ಎರಡು ಪ್ರಶ್ನೆಗಳ ಹಿಂದೆ ಹೋಗುತ್ತೆ. ಉಕ್ರೇನಿಯನ್‌ನಲ್ಲಿ ಮರ್ಯಾದೆಯಾಗಿ ‘ಹೋಗ್ಬರ್ತೀನಿ’ ಅನ್ನೋದೂ ಬರುತ್ತೆ, ಅದರ ಜೊತೆ ಒಂದು ಭಾಷೆ ಉಳಿದುಕೊಂಡ ಕಥೆಯೂ ಬರುತ್ತೆ.

ಭಾಗ 2/9: ಮತ್ತೆ ನೋಡೋವರೆಗೆ

ಮೊದಲು ಅಜ್ಜಿ ಕೊಟ್ಟ ಪದ. ‘ದೊ’ ಅಂದ್ರೆ ‘ಅಲ್ಲಿವರೆಗೆ’. ‘ಬಾಚಿತಿ’ ಅಂದ್ರೆ ನೋಡೋದು, ಅದರಿಂದ ಬಂದಿದ್ದು ‘ಪೊಬಾಚೆನ್ನ್ಯಾ’, ಅಂದ್ರೆ ಭೇಟಿ, ನೋಟ. ಎರಡೂ ಸೇರಿದ್ರೆ ‘ಮತ್ತೆ ನೋಡೋವರೆಗೆ’. ಒತ್ತು ‘ಬಾ’ ಮೇಲೆ, ಕೊನೆಯ ‘ನ್ನ್ಯಾ’ ಸ್ವಲ್ಪ ಎಳೀಬೇಕು. ಹುಡುಗ ಹುಡುಗಿ ಡೇಟಿಗೆ ಹೋಗೋದಕ್ಕೂ ಅಲ್ಲಿ ಇದೇ ಪೊಬಾಚೆನ್ನ್ಯಾ ಪದ. ಹಾಗಂತ ಅಂಗಡಿಯವರು ದೊ ಪೊಬಾಚೆನ್ನ್ಯಾ ಅಂದ್ರೆ ಬೇರೆ ಅರ್ಥ ಮಾಡ್ಕೋಬೇಡಿ.

ಮೇಷ್ಟ್ರು, ಡಾಕ್ಟರು, ಬ್ಯಾಂಕ್ ಕೌಂಟರಿನವರು, ಪಕ್ಕದ ಮನೆ ಅಜ್ಜಿ, ಯಾರಿಗೆ ಬೇಕಾದ್ರೂ ಇದನ್ನ ಹೇಳಬಹುದು. ಹೊಸದಾಗಿ ಕಲಿಯೋರು ಒಂದೇ ಪದ ಕಲೀತೀವಿ ಅಂದ್ರೆ ಇದನ್ನೇ ಕಲೀರಿ.

ಈಗ ನಮ್ಮ ಮನೆ ಕಡೆ ನೋಡಿ. ನಮ್ಮಲ್ಲಿ ಯಾರಾದ್ರೂ ಹೊರಡುವಾಗ ‘ಹೋಗ್ತೀನಿ’ ಅಂದ್ರೆ ಅಜ್ಜಿ ಬೈಯ್ತಾರೆ. ‘ಹೋಗ್ತೀನಿ ಅನ್ಬಾರ್ದು, ಬರ್ತೀನಿ ಅನ್ನು.’ ಉತ್ತರ ಕರ್ನಾಟಕದ ಗೆಳೆಯರು ‘ಹೋಗಿ ಬರ್ತೇನ್ರಿ’ ಅಂತಾರೆ. ಹೋಗೋ ಮಾತಿನ ಒಳಗೇ ಬರೋ ಮಾತು ಇರಬೇಕು ಅನ್ನೋದು ನಮ್ಮ ಕಟ್ಟುಪಾಡು. ದೊ ಪೊಬಾಚೆನ್ನ್ಯಾ ಕೂಡ ಅದೇ ಕೆಲಸ ಮಾಡುತ್ತೆ. ದೂರ ಹೋಗ್ತಿರೋರ ಕೈಗೆ ಇನ್ನೊಂದು ಭೇಟಿಯ ಮಾತು ಕೊಟ್ಟು ಕಳಿಸುತ್ತೆ.

ಇದೇ ಜಾತಿಯ ಇನ್ನೆರಡು ಇವೆ. ‘ದೊ ಜುಸ್ತ್ರಿಚಿ’, ಮತ್ತೆ ಭೇಟಿ ಆಗೋವರೆಗೆ. ‘ದೊ ಜಾವ್ತ್ರಾ’, ನಾಳೆವರೆಗೆ. ಎರಡನೇದು ಕಾಲೇಜು, ಆಫೀಸಿಗೆ ಸರಿ. ನಾಳೆ ನಿಜಕ್ಕೂ ಸಿಗ್ತೀರಿ ಅಂದ್ರೆ ಮಾತ್ರ ಹೇಳಿ.

ಭಾಗ 3/9: ಕ್ಷಮಿಸಿಬಿಡಿ

ಈಗ ಅಕ್ಕ ಹೇಳಿದ ಪದ. ‘ಪ್ರೊಶ್ಚವಾಯ್ತೆ’ ಹುಟ್ಟಿದ್ದು ‘ಕ್ಷಮಿಸು’ ಅನ್ನೋ ಧಾತುವಿಂದ. ‘ಪ್ರೊಶ್ಚಾತಿ’ ಅಂದ್ರೆ ಕ್ಷಮಿಸೋದು. ‘ಪ್ರೊಶ್ಚಾತಿಸ್ಯಾ’ ಅಂದ್ರೆ ಬೀಳ್ಕೊಳ್ಳೋದು. ಇನ್ನು ಸಿಗ್ತೀವೋ ಇಲ್ವೋ ಗೊತ್ತಿಲ್ಲ, ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಇಲ್ಲೇ ಮನ್ನಿಸಿಬಿಡಿ ಅನ್ನೋ ಭಾವ ಅದರಲ್ಲಿದೆ. ಪದ ಕೆಟ್ಟದ್ದಲ್ಲ, ತುಂಬಾ ಭಾರದ್ದು. ದೀರ್ಘ ಕಾಲಕ್ಕೆ, ಕೆಲವೊಮ್ಮೆ ಶಾಶ್ವತವಾಗಿ ಬಿಟ್ಟು ಹೋಗುವಾಗ ಹೇಳೋ ಮಾತು ಅದು. ಅಂಗಡಿಯಿಂದ ಹಾಲು ತಗೊಂಡು ಬರುವಾಗ ಹೇಳಿದ್ರೆ ಅವರು ಗಾಬರಿಯಾಗ್ತಾರೆ.

ಈ ಕ್ಷಮೆಯ ಪದ್ಧತಿಗೆ ಅಲ್ಲಿ ಒಂದು ಹಬ್ಬದ ದಿನಾನೇ ಇದೆ. ಈಸ್ಟರಿಗೆ ಮುಂಚೆ ಬರೋ ದೊಡ್ಡ ಉಪವಾಸ ಶುರುವಾಗೋಕೆ ಹಿಂದಿನ ಭಾನುವಾರಕ್ಕೆ ‘ಪ್ರೊಶ್ಚೆನಾ ನೆದಿಲ್ಯಾ’, ಅಂದ್ರೆ ಕ್ಷಮೆಯ ಭಾನುವಾರ ಅಂತ ಹೆಸರು. ಅವತ್ತು ಮನೆಯವರು, ನೆಂಟರು, ನೆರೆಯವರು ಒಬ್ಬರನ್ನೊಬ್ಬರು ಕ್ಷಮೆ ಕೇಳ್ತಾರೆ. ದೇವರು ಕ್ಷಮಿಸ್ತಾನೆ ಅಂತ ಉತ್ತರ ಕೊಡ್ತಾರೆ. ಯುಗಾದಿ ಬೇವು ಬೆಲ್ಲದ ಹಾಗೆ, ಹಳೇದನ್ನ ತೀರಿಸಿ ಮುಂದೆ ಹೋಗೋ ದಿನ.

ಹಾಗಾದ್ರೆ ಯುದ್ಧ ಶುರುವಾದ ಮೂರನೇ ದಿನ ಒಬ್ಬ ಹುಡುಗಿ ಬಂದು ‘ಪ್ರೊಶ್ಚವಾಯ್ತೆ’ ಅಂದಾಗ ಆ ಅಜ್ಜಿಗೆ ಏನು ಕೇಳಿಸಿರಬಹುದು ಯೋಚಿಸಿ. ‘ನಾವಿನ್ನು ಸಿಗಲ್ಲ’ ಅಂತ ಕೇಳಿಸಿದೆ. ಅದಕ್ಕೇ ತಿದ್ದಿದ್ರು.

ಭಾಗ 4/9: ಹೊಸ್ತಿಲು

ಇನ್ನೊಂದು ಪ್ರಶ್ನೆ ಬಾಕಿ ಇದೆ. ಅಜ್ಜಿ ಎದ್ದು ಹೊರಗಡೆ ಯಾಕೆ ಬಂದ್ರು?

ಉಕ್ರೇನಿನಲ್ಲಿ ಹೊಸ್ತಿಲ ಆಚೆ ಈಚೆ ನಿಂತು ಕೈ ಕುಲುಕಬಾರದು, ವಿದಾಯ ಹೇಳಬಾರದು, ಏನೂ ಕೊಡಬಾರದು. ಒಂದೋ ಇಬ್ಬರೂ ಒಳಗೆ ಇರಬೇಕು, ಇಲ್ಲಾ ಇಬ್ಬರೂ ಹೊರಗೆ ಬರಬೇಕು. ಹೊಸ್ತಿಲು ಮನೆಗೂ ಹೊರಗಿನ ಲೋಕಕ್ಕೂ ನಡುವಿನ ಗೆರೆ ಅನ್ನೋ ಹಳೇ ನಂಬಿಕೆ. ಕೇಳಿದ ತಕ್ಷಣ ನಮ್ಮಮ್ಮ ‘ಇದು ನಮ್ದೇ ಅಲ್ವಾ’ ಅಂದ್ರು. ನಮ್ಮಲ್ಲೂ ಹೊಸ್ತಿಲ ಮೇಲೆ ಕೂರಬಾರದು, ಅದರ ಮೇಲಿಂದ ದುಡ್ಡು ಕೊಡಬಾರದು. ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚೋ ಮನೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಪದ್ಧತಿ: ದೂರದ ಪ್ರಯಾಣಕ್ಕೆ ಹೊರಡೋ ಮುಂಚೆ ಎಲ್ಲರೂ ಒಂದು ನಿಮಿಷ ಸುಮ್ಮನೆ ಕೂರ್ತಾರೆ. ಸೂಟ್‌ಕೇಸ್ ಬಾಗಿಲ ಹತ್ತಿರ ರೆಡಿ ಇರುತ್ತೆ, ಟ್ಯಾಕ್ಸಿ ಹಾರ್ನ್ ಹೊಡೀತಿರುತ್ತೆ, ಆದ್ರೂ ಕೂರ್ತಾರೆ. ಆಮೇಲೆ ಎದ್ದು ಹೊರಡ್ತಾರೆ. ನಮ್ಮಲ್ಲಿ ಹೊರಡುವಾಗ ಯಾರಾದ್ರೂ ಸೀನಿದ್ರೆ ಕೂತು ನೀರು ಕುಡಿದು ಹೋಗು ಅಂತಾರಲ್ಲ, ಸುಮಾರು ಹಾಗೇನೇ.

ಮಗ ದೂರ ಹೊರಟಾಗ ತಾಯಿ ಕಸೂತಿ ಹಾಕಿದ ಉದ್ದನೆಯ ಬಟ್ಟೆ ಕೊಡೋದೂ ಅಲ್ಲಿನ ಸಂಪ್ರದಾಯ. ಅದಕ್ಕೆ ‘ರುಶ್ನಿಕ್’ ಅಂತಾರೆ. ಮದುವೆಯಲ್ಲಿ, ದೇವರ ಪಟದ ಮೇಲೆ, ಶವ ಸಂಸ್ಕಾರದಲ್ಲಿ, ಎಲ್ಲ ಕಡೆ ಇದೇ ಬಟ್ಟೆ. ಆಂಡ್ರಿ ಮಾಲಿಷ್ಕೊ ಅನ್ನೋ ಕವಿ ಈ ತಾಯಿ, ರುಶ್ನಿಕ್ ಮೇಲೆ 1950ರ ದಶಕದಲ್ಲಿ ಬರೆದ ಹಾಡು ಇವತ್ತಿಗೂ ಅಲ್ಲಿ ಎಲ್ಲರ ಬಾಯಲ್ಲಿದೆ.

ಭಾಗ 5/9: ಆಯುಷ್ಮಾನ್ ಭವ

ಈಗ ನನಗೆ ತುಂಬಾ ಇಷ್ಟವಾದ ಪದ: ‘ಬುವಾಯ್’. ಫ್ರೆಂಡ್ಸ್ ಮಧ್ಯೆ ಹೇಳೋ ‘ಬರ್ತೀನಿ ಕಣೋ’ ಇದೇ. ಮೂಲ ಅರ್ಥ ‘ಇರು’. ಪೂರ್ತಿ ರೂಪ ‘ಬುವಾಯ್ ಜ್ದೊರೋವ್’, ಆರೋಗ್ಯವಾಗಿರು. ಹುಡುಗಿಗಾದ್ರೆ ‘ಬುವಾಯ್ ಜ್ದೊರೋವಾ’.

ಭಾಷಾಶಾಸ್ತ್ರ ಏನು ಹೇಳುತ್ತೆ ಗೊತ್ತಾ? ಈ ‘ಬುವಾಯ್’ ಮತ್ತೆ ಸಂಸ್ಕೃತದ ‘ಭೂ’ ಧಾತು ಒಂದೇ ಹಳೇ ಮೂಲದಿಂದ ಬಂದವು. ಎರಡೂ ಇಂಡೋ-ಯುರೋಪಿಯನ್ ಕುಟುಂಬದ ಭಾಷೆಗಳು. ಕಾಲಿಗೆ ಬಿದ್ದ ಮಕ್ಕಳಿಗೆ ನಮ್ಮ ಹಿರಿಯರು ಹೇಳೋ ‘ಆಯುಷ್ಮಾನ್ ಭವ’ದ ‘ಭವ’ ಅಲ್ಲಿ ‘ಬುವಾಯ್’ಗೆ ದೂರದ ನೆಂಟ. ಅರ್ಥವೂ ಹೆಚ್ಚುಕಡಿಮೆ ಅದೇ ಆಶೀರ್ವಾದ.

ಮರ್ಯಾದೆ ವಿಷಯಕ್ಕೆ ಬರೋಣ. ಅಲ್ಲೂ ನಮ್ಮ ಹಾಗೆ ನೀನು, ನೀವು ಎರಡಿವೆ. ‘ತಿ’ ಅಂದ್ರೆ ನೀನು, ‘ವಿ’ ಅಂದ್ರೆ ನೀವು. ನಾವು ‘ಇರು’ವನ್ನ ‘ಇರಿ’ ಮಾಡೋ ಹಾಗೆ ಅವರು ಕೊನೆಗೆ ‘ತೆ’ ಸೇರಿಸ್ತಾರೆ. ಬುವಾಯ್, ಬುವಾಯ್ತೆ. ಹಿರಿಯರಿಗೆ ಅಥವಾ ಒಂದು ಗುಂಪಿಗೆ ‘ಬುವಾಯ್ತೆ ಜ್ದೊರೋವಿ’. ಹಳ್ಳಿಗಳಲ್ಲಿ ಹಿಂದಿನ ತಲೆಮಾರಿನವರು ಅಪ್ಪ ಅಮ್ಮನಿಗೂ ‘ವಿ’ ಅಂತಲೇ ಅಂತಿದ್ರು.

ಹೆಸರು ಕರೆಯೋದರಲ್ಲೂ ಮರ್ಯಾದೆ ಇದೆ. ಒಲೆನಾ ಅನ್ನೋ ಹೆಸರನ್ನ ಕೂಗಿ ಕರೆದ್ರೆ ‘ಒಲೆನೊ’, ಇವಾನ್ ಆದ್ರೆ ‘ಇವಾನೆ’, ಅಮ್ಮ ಅನ್ನೋ ‘ಮಾಮಾ’ ಆಗ ‘ಮಾಮೊ’. ಹೈಸ್ಕೂಲ್ ವ್ಯಾಕರಣದಲ್ಲಿ ಓದಿದ ಸಂಬೋಧನಾ ವಿಭಕ್ತಿ ಇದು. ಬೀಳ್ಕೊಡುವಾಗ ಹೆಸರನ್ನ ಹೀಗೆ ಸೇರಿಸಿ ‘ದೊ ಪೊಬಾಚೆನ್ನ್ಯಾ, ಮಾಮೊ’ ಅಂದ್ರೆ ಅದರ ಆತ್ಮೀಯತೆಯೇ ಬೇರೆ.

ಭಾಗ 6/9: ಅಚ್ಚಿಗೆ ಬೀಗ

ಇಲ್ಲಿಂದ ಕಥೆ ಗಂಭೀರ. ಇಷ್ಟೊಂದು ಪದ ಇರೋ ಭಾಷೆ ಇಲ್ಲವೇ ಇಲ್ಲ ಅಂತ ಒಂದು ಸರ್ಕಾರ ಹೇಳಿತ್ತು.

ಹತ್ತೊಂಬತ್ತನೇ ಶತಮಾನದಲ್ಲಿ ಉಕ್ರೇನಿನ ಬಹುಭಾಗ ರಷ್ಯಾ ಸಾಮ್ರಾಜ್ಯದ ಕೈಯಲ್ಲಿತ್ತು. 1863ರಲ್ಲಿ ಅಲ್ಲಿನ ಗೃಹಮಂತ್ರಿ ವಲುಯೆವ್ ಒಂದು ಗುಟ್ಟಿನ ಸುತ್ತೋಲೆ ಹೊರಡಿಸಿದ. ಉಕ್ರೇನಿಯನ್‌ನಲ್ಲಿ ಧಾರ್ಮಿಕ ಪುಸ್ತಕ, ಪಾಠದ ಪುಸ್ತಕ ಅಚ್ಚು ಹಾಕೋದು ನಿಲ್ಲಬೇಕು ಅಂತ. ಅಂಥ ಪ್ರತ್ಯೇಕ ಭಾಷೆ ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ, ಮುಂದೆ ಇರೋಕೂ ಸಾಧ್ಯವಿಲ್ಲ ಅನ್ನೋ ಅಭಿಪ್ರಾಯವೂ ಅದರಲ್ಲಿತ್ತು. ಇಲ್ಲದ ಭಾಷೆಯನ್ನ ನಿಲ್ಲಿಸೋಕೆ ಸುತ್ತೋಲೆ ಯಾಕೆ ಬೇಕಿತ್ತು ಅಂತ ನೀವೇ ಕೇಳ್ಕೊಳ್ಳಿ.

1876ರಲ್ಲಿ ಇನ್ನೂ ಬಿಗಿ. ತ್ಸಾರ್ ಎರಡನೇ ಅಲೆಕ್ಸಾಂಡರ್ ಜರ್ಮನಿಯ ಎಮ್ಸ್ ಅನ್ನೋ ಊರಿನ ಬಿಸಿನೀರ ಬುಗ್ಗೆಗೆ ಆರೋಗ್ಯ ಸುಧಾರಿಸಿಕೊಳ್ಳೋಕೆ ಹೋಗಿದ್ದಾಗ ಸಹಿ ಹಾಕಿದ ಆದೇಶಕ್ಕೆ ‘ಎಮ್ಸ್ ಆದೇಶ’ ಅಂತಲೇ ಹೆಸರು. ಕೆಲವು ಸಾಹಿತ್ಯ ಕೃತಿ, ಹಳೇ ದಾಖಲೆ ಬಿಟ್ಟು ಉಕ್ರೇನಿಯನ್ ಪುಸ್ತಕ ಅಚ್ಚಾಗಬಾರದು. ಹೊರಗಿಂದ ತರಬಾರದು. ನಾಟಕ ಆಡಬಾರದು. ಶಾಲೆಯಲ್ಲಿ ಕಲಿಸಬಾರದು. 1861ರಲ್ಲಿ ಜೀತದಾಳುಗಳನ್ನ ಬಿಡುಗಡೆ ಮಾಡಿದವನೂ ಇದೇ ತ್ಸಾರ್.

1881ರಲ್ಲಿ ನಾಟಕಕ್ಕೆ ಸ್ವಲ್ಪ ಸಡಿಲ ಸಿಕ್ತು. ಆದ್ರೆ ಒಂದು ಉಕ್ರೇನಿಯನ್ ನಾಟಕ ಆಡಿದ್ರೆ ಅದೇ ಸಂಜೆ ಒಂದು ರಷ್ಯನ್ ನಾಟಕವನ್ನೂ ಆಡಬೇಕಿತ್ತು. ಒಂದು ಟಿಕೆಟಿಗೆ ಎರಡು ನಾಟಕ! ಅಚ್ಚಿನ ನಿಷೇಧ ಸಡಿಲವಾಗಿದ್ದು 1905ರ ಕ್ರಾಂತಿಯ ಹೊತ್ತಿಗೆ. ಅಲ್ಲಿವರೆಗೆ ಆಸ್ಟ್ರಿಯಾ ಆಳ್ವಿಕೆಯಲ್ಲಿದ್ದ ಲ್ವಿವ್ ಊರಲ್ಲಿ ಪುಸ್ತಕ ಅಚ್ಚಾಗಿ, ಕದ್ದುಮುಚ್ಚಿ ಗಡಿ ದಾಟುತ್ತಿದ್ದವು.

ಭಾಗ 7/9: ಜಗಲಿಯ ಅಕ್ಷರ

ಯೋಚನೆ ಮಾಡಿ. ಪ್ರೆಸ್ಸಿಗೆ ಬೀಗ ಹಾಕಬಹುದು, ಶಾಲೆಗೆ ಹಾಕಬಹುದು, ರಂಗಮಂದಿರಕ್ಕೆ ಹಾಕಬಹುದು. ಮಗನನ್ನ ಕಳಿಸೋಕೆ ಜಗಲಿಗೆ ಬಂದ ತಾಯಿಯ ಬಾಯಿಗೆ ಯಾವ ಸುತ್ತೋಲೆ ಹಾಕೋಕಾಗುತ್ತೆ? ಬುವಾಯ್ ಜ್ದೊರೋವ್ ಥರದ ಮಾತು ಉಳಿದಿದ್ದು ಹಾಗೆ, ಮನೆಬಾಗಿಲಲ್ಲಿ, ಹಳ್ಳಿಯವರ ನಾಲಿಗೆ ಮೇಲೆ. ನಿಷೇಧ ಸಡಿಲವಾದ ಮೇಲೆ ಬೊರಿಸ್ ಹ್ರಿಂಚೆಂಕೊ ಅನ್ನೋ ಶಿಕ್ಷಕ, ಲೇಖಕ ಸಂಪಾದಿಸಿದ ನಿಘಂಟು 1907ರಿಂದ 1909ರ ನಡುವೆ ಕೀವ್‌ನಲ್ಲಿ ನಾಲ್ಕು ಸಂಪುಟವಾಗಿ ಬಂತು. ಸುಮಾರು 68,000 ಪದ. ಅದರಲ್ಲಿ ಪುಸ್ತಕಗಳಿಂದ ತೆಗೆದ ಪದಗಳ ಜೊತೆಗೆ ಜನರ ಬಾಯಿಂದ ಕೇಳಿ ಬರೆದುಕೊಂಡವೂ ಇದ್ವು.

ಆಮೇಲೆ ಸೋವಿಯತ್ ಕಾಲ. ಮೊದಮೊದಲು ಭಾಷೆಗೆ ಪ್ರೋತ್ಸಾಹ ಇತ್ತು. ಆಗಿನ ರಾಜಧಾನಿ ಖಾರ್ಕಿವ್‌ನಲ್ಲಿ ವಿದ್ವಾಂಸರು ಸೇರಿ ಚರ್ಚಿಸಿ ಮಾಡಿದ ಕಾಗುಣಿತದ ನಿಯಮಗಳು 1928ರಲ್ಲಿ ಜಾರಿಗೆ ಬಂದವು. ಅದರ ಹಿಂದೆ ನಿಂತಿದ್ದ ಶಿಕ್ಷಣ ಮಂತ್ರಿ ಮಿಕೋಲಾ ಸ್ಕ್ರಿಪ್ನಿಕ್. ಐದೇ ವರ್ಷಕ್ಕೆ ಗಾಳಿ ತಿರುಗಿತು. 1932-33ರಲ್ಲಿ ಸ್ಟಾಲಿನ್ ಸರ್ಕಾರ ಧಾನ್ಯ ಕಿತ್ತುಕೊಂಡಿದ್ದರಿಂದ ಬಂದ ಕ್ಷಾಮಕ್ಕೆ ಹಳ್ಳಿಗಳಲ್ಲಿ ಲಕ್ಷಾಂತರ ಜನ ಸತ್ರು. ಮಾತನ್ನ ಉಳಿಸಿಕೊಂಡಿದ್ದ ಹಳ್ಳಿಗಳು ಅವೇ. ತೀವ್ರ ಟೀಕೆಗೆ ಗುರಿಯಾದ ಸ್ಕ್ರಿಪ್ನಿಕ್ 1933ರ ಜುಲೈನಲ್ಲಿ ಪ್ರಾಣ ಕಳ್ಕೊಂಡ್ರು. ಆ ವರ್ಷವೇ ವರ್ಣಮಾಲೆಯಿಂದ ಒಂದು ಅಕ್ಷರ ತೆಗೆದುಹಾಕಿದ್ರು: ಗಟ್ಟಿಯಾಗಿ ‘ಗ’ ಅನ್ನೋದಕ್ಕಿದ್ದ ಅಕ್ಷರ. ರಷ್ಯನ್ ಲಿಪಿಯಲ್ಲಿ ಅದು ಇಲ್ಲ.

ಆ ಅಕ್ಷರದಿಂದ ಶುರುವಾಗೋ ಒಂದು ಪದ ‘ಗಾನೊಕ್’. ಅರ್ಥ ಏನು ಗೊತ್ತಾ? ಮನೆಮುಂದಿನ ಜಗಲಿ. ಬೀಳ್ಕೊಡೋ ಜಾಗದ ಹೆಸರಿನ ಮೊದಲ ಅಕ್ಷರವೇ ಪುಸ್ತಕದಲ್ಲಿ ಇಲ್ಲ! ಕನ್ನಡದಲ್ಲೂ ಹಳೇ ಱ, ೞ ಅಕ್ಷರ ಹೋದವು. ಆದ್ರೆ ಅವು ಬಳಕೆ ಕಡಿಮೆಯಾಗಿ ತಾವಾಗೇ ಹೋದವು, ಯಾರೂ ಆದೇಶ ಹೊರಡಿಸಿ ಕಿತ್ತು ಹಾಕಿದ್ದಲ್ಲ. ಉಕ್ರೇನಿನ ಆ ಅಕ್ಷರ ವಾಪಸ್ ಬಂದಿದ್ದು 1990ರಲ್ಲಿ.

ಭಾಗ 8/9: ಸದ್ದಿಲ್ಲದ ರಾತ್ರಿ

1989ರಲ್ಲಿ ಉಕ್ರೇನಿಯನ್ ರಾಜ್ಯಭಾಷೆ ಆಯ್ತು. 1991ರಲ್ಲಿ ದೇಶ ಸ್ವತಂತ್ರವಾಯ್ತು. ಸೋವಿಯತ್ ಕಾಲದ ‘ಕಾಮ್ರೇಡ್’ ಹೋಗಿ ಹಳೇ ‘ಪಾನ್’, ‘ಪಾನಿ’ ಮತ್ತೆ ಬಂದವು. ನಮ್ಮ ‘ಅವರೇ’, ‘ಮೇಡಂ’ ಥರ. (ನೀರು ಕೇಳ್ತಿದ್ದಾರೆ ಅಂದ್ಕೋಬೇಡಿ.) 2019ರ ಭಾಷಾ ಕಾನೂನಿನ ಪ್ರಕಾರ 2021ರ ಜನವರಿ 16ರಿಂದ ಅಂಗಡಿ, ಹೋಟೆಲ್, ಬ್ಯಾಂಕಿನವರು ಗ್ರಾಹಕರನ್ನ ಮೊದಲು ಉಕ್ರೇನಿಯನ್‌ನಲ್ಲೇ ಮಾತಾಡಿಸಬೇಕು. ಗ್ರಾಹಕರು ಕೇಳಿಕೊಂಡ್ರೆ ಬೇರೆ ಭಾಷೆ ಬಳಸಬಹುದು. ನಾವು ಬಿಕಾಂನವರು ಕಸ್ಟಮರ್ ಸರ್ವಿಸ್ ಅಂತ ಓದ್ತೀವಲ್ಲ, ಅಲ್ಲಿ ಬಿಲ್ ಕೊಟ್ಟ ಮೇಲೆ ಹೇಳೋ ‘ಹಾರ್ನೊಹೊ ದ್ನ್ಯಾ’ (ದಿನ ಚೆನ್ನಾಗಿರಲಿ) ಹಿಂದೆ ಇಷ್ಟು ಕಥೆ ಇದೆ.

2022ರ ಮಾರ್ಚ್ 1. ನಮ್ಮ ಹಾವೇರಿ ಜಿಲ್ಲೆಯಿಂದ ಹೋಗಿದ್ದ ವೈದ್ಯಕೀಯ ವಿದ್ಯಾರ್ಥಿ ಒಬ್ಬರು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ್ರು. 1928ರ ಕಾಗುಣಿತದ ಖಾರ್ಕಿವ್ ಅದೇ. ಅವತ್ತು ಅಕ್ಕನ ಮನೆಯವರು ಟಿವಿ ಆಫ್ ಮಾಡಿದ್ರು. ಅಕ್ಕ ಬಂದು ತಲುಪಿದ್ದು ಅದಾದ ಮೇಲೆ.

ಅಲ್ಲಿ 18ರಿಂದ 60 ವರ್ಷದ ಗಂಡಸರು ದೇಶ ಬಿಡೋ ಹಾಗಿರಲಿಲ್ಲ. ಹೆಂಡತಿ ಮಕ್ಕಳನ್ನ ರೈಲು ಹತ್ತಿಸಿ ಪ್ಲಾಟ್‌ಫಾರಂನಲ್ಲಿ ಉಳಿದ್ರು. ಅಂಥಾ ಹೊತ್ತಲ್ಲಿ ಯಾವ ಪದ ಹೇಳ್ತೀರಿ ಅನ್ನೋದು ಬರೀ ವ್ಯಾಕರಣ ಆಗಿ ಉಳಿಯಲ್ಲ. ಯುದ್ಧ ಕೆಲವು ಮಾತುಗಳಿಗೆ ಹೊಸ ಭಾರ ಕೊಟ್ಟಿದೆ. ‘ಬೆರೆಝೀತ್ ಸೆಬೆ’, ನಿಮ್ಮನ್ನ ನೀವು ಕಾಪಾಡ್ಕೊಳ್ಳಿ. ಗುಡ್‌ನೈಟ್‌ಗೆ ಮೊದಲಿಂದ ಇದ್ದಿದ್ದು ‘ದೊಬ್ರಾನಿಚ್’, ಒಳ್ಳೇ ರಾತ್ರಿ. ಈಗ ಬಹಳ ಜನ ‘ತೀಹೊಯಿ ನೋಚಿ’ ಅಂತಾರೆ. ಸದ್ದಿಲ್ಲದ ರಾತ್ರಿ ಸಿಗಲಿ ಅಂತ. ಸೈರನ್ ಕೂಗದಿರಲಿ ಅನ್ನೋದನ್ನ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಭಾಗ 9/9: ಸೇವ್ ಮಾಡ್ಕೊಳ್ಳಿ

ಹೊಸದಾಗಿ ಕಲಿಯೋರಿಗೆ ಎಲ್ಲ ಒಂದೇ ಕಡೆ:

ಯಾರಿಗಾದ್ರೂ, ಯಾವಾಗಾದ್ರೂ: ದೊ ಪೊಬಾಚೆನ್ನ್ಯಾ
ಸ್ವಲ್ಪ ಆತ್ಮೀಯವಾಗಿ, ಮರ್ಯಾದೆಯಾಗಿ: ನಾ ವ್ಸೆ ದೋಬ್ರೆ (ಎಲ್ಲ ಒಳ್ಳೇದಾಗ್ಲಿ)
ಮತ್ತೆ ಸಿಗೋದು ಗೊತ್ತಿದ್ರೆ: ದೊ ಜುಸ್ತ್ರಿಚಿ
ನಾಳೆನೇ ಸಿಗೋದಾದ್ರೆ: ದೊ ಜಾವ್ತ್ರಾ
ಫ್ರೆಂಡ್ಸಿಗೆ: ಬುವಾಯ್, ಇಲ್ಲಾ ಪಾ-ಪಾ
ಹಿರಿಯರಿಗೆ, ಗುಂಪಿಗೆ: ಬುವಾಯ್ತೆ ಜ್ದೊರೋವಿ
ಅಂಗಡಿ, ಆಫೀಸಿನಲ್ಲಿ: ಹಾರ್ನೊಹೊ ದ್ನ್ಯಾ
ರಾತ್ರಿ: ದೊಬ್ರಾನಿಚ್, ಈಗೀಗ ತೀಹೊಯಿ ನೋಚಿ
ತುಂಬಾ ಯೋಚಿಸಿ ಮಾತ್ರ: ಪ್ರೊಶ್ಚವಾಯ್ತೆ

ಹೇಳೋಕೆ ಮುಂಚೆ ‘ದ್ಯಾಕುಯು’ (ಥ್ಯಾಂಕ್ಸ್) ಸೇರಿಸಿದ್ರೆ ಇನ್ನೂ ಚೆಂದ. ಹೊಸ್ತಿಲ ಮೇಲೆ ನಿಂತು ಹೇಳಬೇಡಿ!

ಅಕ್ಕ ಈಗ ಇಲ್ಲೇ ಓದು ಮುಗಿಸೋ ದಾರಿ ಹುಡುಕಿಕೊಂಡಿದ್ದಾರೆ. ಆ ಅಜ್ಜಿಯ ಫೋನ್ ನಂಬರು ಇವರ ಹತ್ರ ಇರಲಿಲ್ಲ. ಹೋದ ವರ್ಷ ಹಾಸ್ಟೆಲಿನ ಹಳೇ ಗೆಳತಿ ಒಬ್ಬಳ ಮೂಲಕ ಒಂದು ವಾಯ್ಸ್ ಮೆಸೇಜ್ ಕಳಿಸಿದ್ರು. ಎರಡು ದಿನ ಬಿಟ್ಟು ಉತ್ತರ ಬಂತು. ನಾನೂ ಕೇಳಿದೆ. ಹದಿನೈದು ಸೆಕೆಂಡು, ಅರ್ಧ ಕೆಮ್ಮು. ಕೊನೆಯ ಎರಡು ಪದ ಮಾತ್ರ ನನಗೆ ಗೊತ್ತಾಯ್ತು: ದೊ ಪೊಬಾಚೆನ್ನ್ಯಾ.

ಅಕ್ಕ ಅದನ್ನ ಇನ್ನೂ ಡಿಲೀಟ್ ಮಾಡಿಲ್ಲ.

ನಿಮ್ಮ ಮನೇಲಿ ಹೊರಡುವಾಗ ಏನಂತಾರೆ? ಬರ್ತೀನಿ, ಹೋಗ್ಬರ್ತೀನಿ, ಬರ್ತೇನ್ರಿ, ಬರ್ತೆ ಆಯ್ತಾ... ನಿಮ್ಮ ಊರಿನ ಮಾತನ್ನ ಕಾಮೆಂಟಲ್ಲಿ ಬರೀರಿ. ಎಲ್ಲ ಸೇರಿಸಿ ಇನ್ನೊಂದು ಪೋಸ್ಟ್ ಮಾಡೋಣ.

ಅಲ್ಲಿವರೆಗೆ, ಬುವಾಯ್ತೆ ಜ್ದೊರೋವಿ. ಹೋಗ್ಬರ್ತೀನಿ.

#ಕನ್ನಡದಲ್ಲಿ_ಇತಿಹಾಸ #ಪದದ_ಕಥೆ #ಉಕ್ರೇನಿಯನ್_ಕಲಿಯೋಣ #ಹೋಗ್ಬರ್ತೀನಿ